ಹುಲಿವೇಷದ ಫೋಟೊ ತೆಗೆಯುವವನಿಗೆ ಇನ್‌ಸ್ಟಾಗ್ರಾಮ್: ಹಲವು ವರ್ಷ ಬಳಸಿದ ಮೇಲೆ

ಇನ್‌ಸ್ಟಾಗ್ರಾಮಿನಲ್ಲಿ ಏನೇನಿದೆ ಅಂತ ಹೇಳುವುದಿಲ್ಲ, ಎಲ್ಲರ ಫೋನಿನಲ್ಲೂ ಇದೆ. ನನಗೆ ಹೇಳಬೇಕಾಗಿರುವುದು ಟ್ಯಾಗ್ ಬಗ್ಗೆ.

ಉಡುಪಿ ಅಷ್ಟಮಿ, ಮಂಗಳೂರು ದಸರಾ ಬಂತೆಂದರೆ ನಮ್ಮಲ್ಲಿ ಕ್ಯಾಮೆರಾ ಇದ್ದವರೆಲ್ಲ ಮೈಗೆ ಹುಲಿಯ ಬಣ್ಣ ಬರೆಸಿಕೊಂಡು ಕುಣಿಯುವ ಹುಲಿವೇಷದ ಹಿಂದೆ. ನನ್ನದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಇರುವುದು 50 ಎಂಎಂ ಲೆನ್ಸ್ ಒಂದೇ. ಹತ್ತಿರ ಹೋಗದೆ ಫೋಟೊ ಸಿಗುವುದಿಲ್ಲ. ಹಾಗಾಗಿ ಕುಣಿತಕ್ಕಿಂತ ಬಣ್ಣ ಬರೆಯುವ ಜಾಗ ನನಗೆ ಜಾಸ್ತಿ ಇಷ್ಟ. ವೇಷದವರು ಕೋಲು ಹಿಡಿದು ಕೈ ಅಗಲಿಸಿ ಗಂಟೆಗಟ್ಟಲೆ ನಿಂತಿರುತ್ತಾರೆ. ಹಳದಿ ಒಣಗಬೇಕು, ಆಮೇಲೆ ಕಪ್ಪು ಪಟ್ಟೆ. ಕುಂಚ ಹೊಟ್ಟೆ ಮುಟ್ಟಿದಾಗ ಉಸಿರು ಬಿಗಿ ಹಿಡಿಯುತ್ತಾರಲ್ಲ, ಆ ಕ್ಷಣ ನನಗೆ ಬೇಕು.

ಅಂಥದ್ದೊಂದು ಫೋಟೊ ಹಾಕಿ, ವೇಷದವರನ್ನೂ ಬಣ್ಣ ಬರೆದವರನ್ನೂ ಕೇಳಿಕೊಂಡು ಟ್ಯಾಗ್ ಮಾಡಿದೆ. ಸಂಜೆಯೊಳಗೆ ಬಣ್ಣದವರೇ ಕಮೆಂಟಿಗೆ ಬಂದರು. "ಪೊರ್ಲಾತ್ಂಡ್" (ಚಂದ ಬಂದಿದೆ) ಅಂತ ತುಳುವಿನಲ್ಲಿ ಬರೆದು, ಪಟ್ಟೆಹುಲಿಗೂ ಚುಕ್ಕೆಗಳಿರುವ ಚಿಟ್ಟೆಹುಲಿಗೂ ಕುಂಚ ಬೇರೆ ಬೇರೆ ಹಿಡಿಯುವುದು ಹೇಗೆ ಅಂತ ವಿವರಿಸಿದರು. ಕುಣಿತಕ್ಕೆ ತಾಸೆ ವಾದ್ಯ ಬಡಿಯುವವರು ಬಂದರು. ಪರಿಚಯವೇ ಇಲ್ಲದ ಫೋಟೊಗ್ರಾಫರ್ ಒಬ್ಬರು, ಅದೇ ಹುಲಿ ಅಕ್ಕಿಮುಡಿಯನ್ನು (ಒಣಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಫೋಟೊ ಕಳಿಸಿದರು. ಶಟರ್ ವೇಗ 1/1000 ಸೆಕೆಂಡ್ ಇಟ್ಟಿದ್ದೆ ಅಂತ ನಾನು ಕೇಳದೆಯೇ ಹೇಳಿದರು. ಎಷ್ಟು ಲೈಕ್ ಬಂದರೂ ಈ ಖುಷಿ ಸಿಗಲ್ಲ.

ಫೋಟೊ ತೆಗೆಯುವ ನಮ್ಮ ಗುಂಪು ಬೆಳೆದದ್ದು ಹೀಗೆ. 2020ರ ನವೆಂಬರಿನಲ್ಲಿ ನಮ್ಮ ಕಡಲು ರಾತ್ರಿ ನೀಲಿಯಾಗಿ ಹೊಳೆಯಿತು, ನೆನಪಿದೆ ಅಲ್ವಾ? ಇವತ್ತು ಯಾವ ಬೀಚಿನಲ್ಲಿ ಕಾಣ್ತಿದೆ, ಯಾರ ಹತ್ತಿರ ಇನ್ನೊಂದು ಟ್ರೈಪಾಡ್ ಇದೆ, ಎಕ್ಸ್‌ಪೋಶರ್ ಎಷ್ಟು ಸೆಕೆಂಡ್, ಎಲ್ಲ ಸ್ಟೋರಿಯಲ್ಲೇ ಹರಿದಾಡಿತು. ಈಗಲೂ ಬೆಳಗ್ಗೆ ಚಾ ಕುಡಿಯುತ್ತಾ ಮೊದಲು ನೋಡುವುದು 2022ರಲ್ಲಿ ಬಂದ ಫಾಲೋಯಿಂಗ್ ಫೀಡ್. ಅದರಲ್ಲಿ ನಾವು ಫಾಲೋ ಮಾಡಿದವರ ಪೋಸ್ಟ್ ಮಾತ್ರ, ಹೊಸದು ಮೇಲೆ. ನಮ್ಮವರ ಫೋಟೊಕ್ಕೆ ಎರಡು ಸಾಲು ಬರೆದೇ ಕೆಲಸಕ್ಕೆ ಹೊರಡುವುದು. ಸುಮ್ನೆ ಬೆಂಕಿ ಇಮೋಜಿ ಹಾಕಿದರೆ ತೆಗೆದವನಿಗೆ ಏನೂ ಗೊತ್ತಾಗಲ್ಲ. ಬೆಳಕು ಎಲ್ಲಿ ಚೆನ್ನಾಗಿದೆ ಅಂತ ಹೇಳಬೇಕು.

ಆದರೆ ಒಂದು ಸಿಟ್ಟು ಇನ್ನೂ ಇಳಿದಿಲ್ಲ. ಊರಿನ ಹೆಸರಿಟ್ಟುಕೊಂಡ ಒಂದು ಪೇಜ್ ನನ್ನ ಫೋಟೊ ಎತ್ತಿಕೊಂಡು, ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ ಹಾಕಿತ್ತು. ನನ್ನ ಹೆಸರು ಹೋದದ್ದು ಒಂದು ಕಡೆ. ಬಣ್ಣದವರ ಟ್ಯಾಗೂ ಹೋಗಿತ್ತಲ್ಲ, ಅದು ಜಾಸ್ತಿ ನೋವು. ಗುಂಪಿನವರೆಲ್ಲ ಕೆಳಗೆ ಹೋಗಿ ಕಲಾವಿದರ ಹೆಸರು ಬರೆದರು. ರಾತ್ರಿ ಆಗುವಷ್ಟರಲ್ಲಿ ಹೆಸರುಗಳು ಕ್ಯಾಪ್ಶನ್ನಿಗೆ ಬಂದವು. ಕ್ಷಮೆ ಬರಲಿಲ್ಲ. ಅಲ್ಲಿಂದೀಚೆಗೆ ನಾನು ಹೆಸರನ್ನು ಮೂಲೆಗೆ ಹಾಕುವುದಿಲ್ಲ, ಪಟ್ಟೆಗಳ ಹತ್ತಿರವೇ ಸಣ್ಣದಾಗಿ ಹಾಕುತ್ತೇನೆ.

ತಿಂಗಳಿಗೆ ದುಡ್ಡು ಕೊಟ್ಟು ಬ್ಲೂ ಟಿಕ್ ತಗೊಳ್ಳುವ ಬಜೆಟ್ ನನ್ನದಲ್ಲ, ಅದಿಲ್ಲದೆಯೂ ಗುಂಪು ನಡೆಯುತ್ತದೆ. ರೀಲ್ಸ್ ಮಾಡುವವರ ಲೆಕ್ಕ ಬೇರೆ ಇರಬಹುದು. ನನ್ನಂತೆ ಫೋಟೊ ಮಾತ್ರ ಹಾಕುವವರಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಮಾತು, ಅಲ್ಲಿ ಉಳಿಯುವುದು ಕುಗ್ಗಿಸಿದ ಫೋಟೊ. ವೇಷದವರು ಫ್ರೇಮ್ ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅವರಿಗೆ ಒರಿಜಿನಲ್ ಫೈಲನ್ನೇ ಬೇರೆಯಾಗಿ ಕಳಿಸಿ.