ಇಳಕಲ್ ಸೀರೆ ಹೊರದೇಶಕ್ಕೆ ಕಳಿಸಲು ಅಂಚೆಯೋ, ಕೊರಿಯರೋ? ಎರಡನ್ನೂ ಬಳಸಿದ ಮೇಲಿನ ಮಾತು

ಧಾರವಾಡದಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ಕುಪ್ಪಸ ಇವನ್ನು ಹೊರದೇಶದ ಕನ್ನಡಿಗರಿಗೆ ಕಳಿಸುವುದು ನನ್ನ ವ್ಯಾಪಾರ. ಒಂದು ಪಾರ್ಸೆಲ್‌ನಲ್ಲಿ ಒಂದೋ ಎರಡೋ ಸೀರೆ, ಅಷ್ಟೇ. ಇಂಥ ಸಣ್ಣ ವ್ಯಾಪಾರಕ್ಕೆ ನನ್ನ ಮೊದಲ ಆಯ್ಕೆ ಭಾರತೀಯ ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆಯ ರಫ್ತು ಕೇಂದ್ರ) ಮೂಲಕ ಬುಕ್ ಮಾಡುವ ಇಎಂಎಸ್ ಸ್ಪೀಡ್ ಪೋಸ್ಟ್, ಅಂದರೆ ಹೊರದೇಶಕ್ಕೆ ಹೋಗುವ ಸ್ಪೀಡ್ ಪೋಸ್ಟ್. ಹಬ್ಬದ ದಿನಕ್ಕೆ ತಲುಪಲೇಬೇಕಾದದ್ದು, ತುಂಬಾ ಬೆಲೆಯದ್ದು ಇದ್ದರೆ ಮಾತ್ರ ಖಾಸಗಿ ಎಕ್ಸ್‌ಪ್ರೆಸ್ ಕೊರಿಯರ್. ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು ಕೆಜಿಗೆ ಎಷ್ಟು ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು, ಆ ದೇಶದಲ್ಲಿ ತೆರಿಗೆಯನ್ನು ಯಾರು, ಯಾವಾಗ ಕಟ್ಟುತ್ತಾರೆ ಅನ್ನುವುದು. ಅದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆಯೇ.

ಆದರೂ ದರದ ಮಾತು ಮುಗಿಸಿಬಿಡುತ್ತೇನೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಗಾತ್ರದ ತೂಕ ಮತ್ತು ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಸೀರೆಯನ್ನು ಉಡುಗೊರೆಯ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿರಿ ಅನ್ನಿ: 38, 28, 8 ಸೆಂಟಿಮೀಟರ್. ತಕ್ಕಡಿಯಲ್ಲಿ 900 ಗ್ರಾಂ. ಲೆಕ್ಕದಲ್ಲಿ 1.7 ಕೆಜಿ, ಬಿಲ್ಲಿನಲ್ಲಿ 2 ಕೆಜಿ. ಅದೇ ಸೀರೆಯನ್ನು ಚಪ್ಪಟೆಯಾಗಿ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಿಯರ್ ಚೀಲದಲ್ಲಿಟ್ಟರೆ ಗಾತ್ರದ ಮಾತೇ ಬರುವುದಿಲ್ಲ. ಅಂಚೆಯ ಇಎಂಎಸ್‌ನಲ್ಲಿ ನಾನು ಕಳಿಸಿದ ಮಟ್ಟಿಗೆ ತಕ್ಕಡಿ ತೋರಿಸಿದ್ದೇ ತೂಕ, 250 ಗ್ರಾಂನ ಹಂತಗಳಲ್ಲಿ ದರ. ಬರೀ ಖಣ, ಕುಪ್ಪಸದಂಥ ಹಗುರ ಸಾಮಾನಿಗೆ ಅಂಚೆಯದೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್ ಇನ್ನೂ ಅಗ್ಗ.

ಇನ್ನೊಂದು ಎಚ್ಚರಿಕೆ. ನಾನು ಕೆಲಕಾಲ ಬಳಸಿದ ಒಂದು ಆನ್‌ಲೈನ್ ಬುಕಿಂಗ್ ಸಂಸ್ಥೆ, ಪಾರ್ಸೆಲ್ ಹೋಗಿ ಎಷ್ಟೋ ದಿನವಾದ ಮೇಲೆ ‘ತೂಕದ ವ್ಯತ್ಯಾಸ’ ಅಂತ ವಾಲೆಟ್‌ನಿಂದ ಹಣ ಕಡಿತ ಮಾಡುತ್ತಿತ್ತು. ಟೇಪು ಹಿಡಿದು, ತಕ್ಕಡಿಯ ಮೇಲಿಟ್ಟು ತೆಗೆದ ಫೋಟೊ ಕಳಿಸಿದರೆ ಮಾತ್ರ ವಾಪಸ್. ಕೊರಿಯರ್‌ನಲ್ಲಿ ಕಳಿಸುವವರು ಆ ಎರಡು ಫೋಟೊ ತೆಗೆಯದೆ ಪಾರ್ಸೆಲ್ ಕೈಬಿಡಬೇಡಿ.

ಕಾಗದಪತ್ರದ ವಿಷಯದಲ್ಲಿ ನಿರ್ಯಾತ್ ಕೇಂದ್ರ ನನಗೆ ನಿಜಕ್ಕೂ ಇಷ್ಟವಾಗಿದೆ. ಡಿಜಿಎಫ್‌ಟಿಯಲ್ಲಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) 500 ರೂಪಾಯಿ ಕಟ್ಟಿ ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ ಮಾಡಿಸಿ, ಜಿಎಸ್‌ಟಿ ಇದ್ದವರು ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷಕ್ಕೊಂದು ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ, ಅಂಚೆ ರಫ್ತು ಬಿಲ್ಲನ್ನು ಮನೆಯಲ್ಲೇ ಕೂತು ಪೋರ್ಟಲ್‌ನಲ್ಲಿ ತುಂಬಬಹುದು. ಐಇಸಿ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ನವೀಕರಿಸುವುದು ಮರೆಯಬೇಡಿ. ರಫ್ತು ಬಿಲ್ಲಿನಲ್ಲಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಒಂದೇ, ಸಾಮಾನಿನ ವಿವರಣೆ. ‘ಸೀರೆ’ ಅಂತಷ್ಟೇ ಬರೆದರೆ ಸಾಲದು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಸೇರಿಸಿರುತ್ತಾರೆ. ಕೆಲವು ಸೀರೆಗಳಲ್ಲಿ ರೇಷ್ಮೆಯ ಜಾಗದಲ್ಲಿ ಕೃತಕ ನೂಲು ಇರುತ್ತದೆ. ನೂಲು ಬದಲಾದರೆ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸಂಖ್ಯೆ) ಬದಲಾಗುತ್ತದೆ, ಕೋಡ್ ಬದಲಾದರೆ ಸುಂಕವೂ ಬದಲಾಗಬಹುದು. ಅದಕ್ಕೇ ನೇಕಾರರಿಂದ ಸೀರೆ ತರುವಾಗಲೇ ಒಡಲಿಗೆ ಯಾವ ನೂಲು, ಸೆರಗಿಗೆ ಯಾವುದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳುತ್ತೇನೆ.

‘ಗಿಫ್ಟ್ ಅಂತ ಬರೆದು ಕಳಿಸಿಬಿಡಿ ಅಕ್ಕ, ಟ್ಯಾಕ್ಸ್ ಬರಲ್ಲ’ ಅಂತ ಗ್ರಾಹಕರೂ ಹೇಳುತ್ತಾರೆ, ಕೆಲವು ಏಜೆಂಟರೂ ಹೇಳುತ್ತಾರೆ. ದಯವಿಟ್ಟು ಬೇಡ. ಅದು ಸುಳ್ಳು ಘೋಷಣೆ. ಬ್ಯಾಂಕಿಗೆ ಬಂದ ಡಾಲರ್‌ಗೆ ಹೊಂದುವ ರಫ್ತಿನ ದಾಖಲೆ ನಿಮ್ಮ ಹತ್ತಿರ ಇರುವುದಿಲ್ಲ, ಪಾರ್ಸೆಲ್ ಕಳೆದರೆ ಕೇಳುವುದಕ್ಕೂ ಬಾಯಿ ಇರುವುದಿಲ್ಲ.

ಇನ್ನು ಅಮೆರಿಕದ ಕಥೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತುಹೋಯಿತು. ಅದಕ್ಕೂ ಮುಂಚೆ, ಆಗಸ್ಟ್ 25ರಿಂದಲೇ ಅಂಚೆ ಇಲಾಖೆ ಅಲ್ಲಿಗೆ ಸರಕಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮರುದಿನ ಗೌರಿ ಹಬ್ಬ, ಮುಂದೆ ದಸರಾ. ಆ ಆರ್ಡರ್‌ಗಳೆಲ್ಲ ಎಕ್ಸ್‌ಪ್ರೆಸ್‌ನಲ್ಲೇ ಹೋದವು, ಲಾಭವೂ ಅದರ ಜೊತೆಗೇ ಹೋಯಿತು. ಅಕ್ಟೋಬರ್ 15ಕ್ಕೆ ಅಂಚೆ ಮತ್ತೆ ಶುರುವಾದಾಗ ವ್ಯವಸ್ಥೆಯೇ ಬದಲಾಗಿತ್ತು: ಸುಂಕವನ್ನು ಬುಕ್ ಮಾಡುವಾಗ ನಾವೇ ಇಲ್ಲಿ ಕಟ್ಟಬೇಕು. ಆಗ ಅಂಚೆಯಲ್ಲಿ ಘೋಷಿತ ಮೌಲ್ಯದ ಶೇ 50 ಒಟ್ಟಾರೆ ದರ. ಕೊರಿಯರ್‌ನಲ್ಲಿ ಸರಕಿನ ಮೂಲ ಸುಂಕವೂ ಅದರ ಮೇಲೆ ಸೇರುತ್ತಿತ್ತು. ಈ ದರಗಳು ಸ್ಥಿರವಲ್ಲ, ಬುಕ್ ಮಾಡುವ ದಿನವೇ ಕೇಳಿಕೊಳ್ಳಿ. ಆದರೆ ಮೊದಲೇ ಸುಂಕ ಕಟ್ಟುವ ಈ ಪದ್ಧತಿ ನನಗೆ ಒಪ್ಪಿಗೆ. ಸೀರೆ ಮನೆಬಾಗಿಲಿಗೆ ಬಂದಾಗ ಕೊಂಡವರ ಕೈಗೆ ಇನ್ನೊಂದು ಬಿಲ್ ಬರುವುದಿಲ್ಲ.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಹಾಗಲ್ಲ. 2021ರ ಜುಲೈಯಿಂದ ಅಲ್ಲಿ ಎಷ್ಟು ಸಣ್ಣ ಪಾರ್ಸೆಲ್‌ಗೂ ವ್ಯಾಟ್ ಇದೆ, ಜರ್ಮನಿಯಲ್ಲಿ ಶೇ 19. ಕೊರಿಯರ್‌ನವರು ಗ್ರಾಹಕರ ಪರವಾಗಿ ಮೊದಲು ಕಟ್ಟಿ, ಆಮೇಲೆ ತಮ್ಮ ಸೇವಾ ಶುಲ್ಕ ಸೇರಿಸಿ ವಸೂಲು ಮಾಡುತ್ತಾರೆ. ಅಂಚೆಯಲ್ಲಿ ಹೋದದ್ದಕ್ಕೆ ಕೆಲವೊಮ್ಮೆ ಗ್ರಾಹಕರೇ ಕಸ್ಟಮ್ಸ್ ಕಚೇರಿಗೆ ಹೋಗಿ, ಹಣ ಕೊಟ್ಟ ರಸೀದಿ ತೋರಿಸಿ ಬಿಡಿಸಿಕೊಳ್ಳಬೇಕಾಗುತ್ತದೆ. ನನ್ನ ಜರ್ಮನಿ ಗ್ರಾಹಕರಲ್ಲಿ ಹೆಚ್ಚಿನವರು ಸಣ್ಣ ಊರುಗಳಲ್ಲಿದ್ದಾರೆ, ಅವರಿಗೆ ಅದು ಅರ್ಧ ದಿನದ ಕೆಲಸ. ಹಾಗಾಗಿ ಆರ್ಡರ್ ಬಂದ ಕೂಡಲೇ ಎರಡೂ ದಾರಿ ವಿವರಿಸಿ, ಆಯ್ಕೆ ಅವರಿಗೇ ಬಿಡುತ್ತೇನೆ.

ಟ್ರ್ಯಾಕಿಂಗ್ ಬಗ್ಗೆ ಒಂದು ಮಾತು. ಬೆಂಗಳೂರಿನ ವಿದೇಶಿ ಅಂಚೆ ಕಚೇರಿಯಿಂದ ಹೊರಟ ಪಾರ್ಸೆಲ್ ಆ ದೇಶದ ಅಂಚೆಯವರ ಕೈ ಸೇರುವವರೆಗೆ ತೆರೆಯ ಮೇಲೆ ಏನೂ ಬದಲಾಗದೆ ಇರಬಹುದು. ಗ್ರಾಹಕರು ಗಾಬರಿಯಾಗುವುದು ಆಗಲೇ. ‘ಐಎನ್’ ಅಂತ ಮುಗಿಯುವ ಅದೇ 13 ಅಕ್ಷರದ ಸಂಖ್ಯೆಯನ್ನು ಆ ದೇಶದ ಅಂಚೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಹೇಳಿ. ಎಷ್ಟೋ ಸಲ ಅಲ್ಲಿ ಸುದ್ದಿ ಮೊದಲು ಸಿಗುತ್ತದೆ.