ಗಾಬ್ಲಿನ್ ಊರು ಮಾಡಿಸೋಕೆ ಹೋಗಿ ನಾನೇ ಗುದ್ದಿಗೆ ಬಿದ್ದೆ: ಮುಂಗಡ ಕೊಡೋ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಆಟದ ಮೇಜಿಗೆ ಅಂತ, ಗಾಬ್ಲಿನ್ ಅನ್ನೋ ಕಥೆಯ ಕುಳ್ಳ ಜೀವಗಳ ಊರಿನ ಮಾಡೆಲ್ ಮಾಡಿಸೋಕೆ ಹೋಗಿ ಕಳಕೊಂಡದ್ದು 10,000 ರೂಪಾಯಿ. ಅದಕ್ಕಿಂತ ದೊಡ್ಡದೊಂದು ಹೋಗಿದೆ, ಅದನ್ನು ಕೆಳಗೆ ಬರೆದಿದ್ದೇನೆ. ಕಣ್ಣಾರೆ ಕಂಡವರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಮೂರು ವಾರ ಬಾಯಿ ಬಿಡಲಿಲ್ಲ. ನಾಚಿಕೆ. ನಲವತ್ತು ದಾಟಿದವನು "ಗಾಬ್ಲಿನ್ ಊರು ಮಾಡಿಸೋಕೆ ದುಡ್ಡು ಕೊಟ್ಟು ಮೋಸ ಹೋದೆ" ಅಂತ ಯಾರ ಮುಂದೆ ಹೇಳಲಿ? ಮನೆಯಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ "ಗಾಬ್ಲಿನ್ ಅಂದ್ರ ಏನು?" ಎರಡನೆಯದು "ಎಷ್ಟು ಕೊಟ್ಟಿ?" ಎರಡನೆಯದಕ್ಕೆ ಉತ್ತರ ಹೇಳಿದ ಮೇಲೆ ಮೊದಲನೆಯದನ್ನು ಯಾರೂ ಕೇಳಲಿಲ್ಲ.

ನಾವು ಐದು ಜನ. ಕಲಬುರಗಿಯಲ್ಲೇ ಇರುವವರು. ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಮೊಬೈಲ್ ಬೇಡ, ಟಿವಿ ಬೇಡ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರ ಆಗುತ್ತಾರೆ, ದಾಳ ಉರುಳಿಸುತ್ತಾರೆ. ಕಥೆ ನಡೆಸುವವನು ನಾನು. ಮಿರ್ಚಿ ಭಜಿ ತರಿಸುವವನೂ ನಾನೇ, ಅದು ಬೇರೆ ಮಾತು.

ಎರಡು ವರ್ಷದಿಂದ ನಮ್ಮ ಕಥೆ ಒಂದು ಊರಿನ ಕಡೆ ಹೋಗುತ್ತಿತ್ತು. ಗುದ್ದೂರು. ಗುದ್ದು ಅಂದರೆ ಬಿಲ, ಗಾಬ್ಲಿನ್‌ಗಳ ಊರು. ಗಾಬ್ಲಿನ್ ಅನ್ನೋದು ಯುರೋಪಿನ ಹಳೇ ಜನಪದ ಕಥೆಗಳಿಂದ ಬಂದ ಕುಳ್ಳ, ಕಿಡಿಗೇಡಿ ಜೀವ. ಆದರೆ ಗುದ್ದೂರು ನನ್ನದು. ನನ್ನದು ಅಂದರೆ ಪೂರ್ತಿ ನನ್ನದು. ಬೀದರಿನ ಕರೇಜ್ ನೋಡಿದ್ದೀರಲ್ಲ, ಬಹಮನಿ ಕಾಲದಲ್ಲಿ ಜಂಬಿಟ್ಟಿಗೆಯಲ್ಲಿ ಕೊರೆದ ನೆಲದಡಿಯ ನೀರಿನ ಸುರಂಗ? ಮೇಲಿಂದ ನೋಡಿದರೆ ಸಾಲಾಗಿ ಬಾವಿಗಳಿದ್ದ ಹಾಗೆ ಕಾಣುತ್ತದೆ, ಕೆಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅದನ್ನು ನೋಡಿ ಬಂದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಂದ ಹುಟ್ಟಿದ್ದು ಗುದ್ದೂರು. ಮೇಲೆ ಬರೀ ಬಾವಿ ಬಾಯಿಗಳು. ಕೆಳಗೆ ಏಳು ಓಣಿ, ನಡುವೆ ನೀರಿನ ಕಾಲುವೆ, ಕಾಲುವೆ ಮೇಲೆ ಹಗ್ಗದ ಸೇತುವೆ. ನೆಲಕ್ಕೆಲ್ಲ ನಮ್ಮ ಶಹಾಬಾದ್ ಕಲ್ಲಿನ ಹಾಸು. ಸಂತೆ ರಾತ್ರಿ ಮಾತ್ರ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮಾಲು ಅಗ್ಗ. ಊರೊಳಗೆ ಬರುವವರು ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಬಿಟ್ಟು ಬರಬೇಕು, ಅದೇ ಸುಂಕ. ಒಂದೇ ಚಪ್ಪಲಿಯಲ್ಲಿ ಯಾರೂ ದೂರ ಓಡುವುದಿಲ್ಲ ಅಂತ ಗಾಬ್ಲಿನ್‌ಗಳ ಲೆಕ್ಕ. ಇದನ್ನೆಲ್ಲ ಬರೆದಿಟ್ಟಿದ್ದೆ. 42 ಪುಟ. ಈ ಚಪ್ಪಲಿ ಸುಂಕ ನೆನಪಿಟ್ಟುಕೊಳ್ಳಿ.

ಎಳ್ಳಮಾವಾಸ್ಯೆಗೆ ಎಲ್ಲರಿಗೂ ರಜೆ. ಆವತ್ತು ಹೊಲದಿಂದ ಬಂದ ಮೇಲೆ ರಾತ್ರಿ ಆಟ ಗುದ್ದೂರಿಗೆ ಕಾಲಿಡಬೇಕು, ಮೇಜಿನ ಮೇಲೆ ಊರು ನಿಜವಾಗಿ ಎದ್ದು ನಿಂತಿರಬೇಕು. ಇದು ನನ್ನ ಆಸೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಸಿಕ್ಕಿತು. ಆಟಕ್ಕೆ ಬೇಕಾದ ಮಾಡೆಲ್ ಮಾಡಿಕೊಡುತ್ತೇವೆ, ಬೆಂಗಳೂರು, ಅಂತಿತ್ತು. ಫೋಟೋಗಳು ಅದ್ಭುತ. ಕನ್ನಡದಲ್ಲೇ ಮಾತಾಡಿದರು. ಅಲ್ಲೇ ಕರಗಿದೆ ನಾನು. ಈ ಆಟದ ಬಗ್ಗೆ ಕನ್ನಡದಲ್ಲಿ ಮಾತಾಡೋ ಅಂಗಡಿಯವರು ಎಲ್ಲಿ ಸಿಗುತ್ತಾರೆ ಹೇಳಿ?

9,000ಕ್ಕೆ ಮಾತಾಯಿತು. ಎರಡಡಿ ಅಗಲದ ಊರು, ತ್ರೀಡಿ ಪ್ರಿಂಟ್ ಮಾಡಿದ ಮನೆಗಳು, 40 ಗಾಬ್ಲಿನ್‌ಗಳು. ಅರ್ಧ ಮುಂಗಡ, 4,500. ಇದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಆಮೇಲೆ "ಸರ್ ಊರು ಸರಿಯಾಗಿ ಬರಬೇಕಂದ್ರೆ ನಿಮ್ಮ ನೋಟ್ಸ್ ಪೂರ್ತಿ ಕಳಿಸಿ" ಅಂದರು. ಕಳಿಸಿದೆ. 42 ಪುಟ, ನಕ್ಷೆ ಸಮೇತ, ಹೆಸರೂ ಇಲ್ಲ, ಗುರುತೂ ಇಲ್ಲ. ಹತ್ತು ನಿಮಿಷದಲ್ಲಿ ಉತ್ತರ: "ಸೂಪರ್ ಸರ್, ಇಷ್ಟು ಡೀಟೇಲ್ ಯಾರೂ ಕೊಟ್ಟಿರಲಿಲ್ಲ." ನನಗೆ ಆವತ್ತು ಊಟ ಸೇರಲಿಲ್ಲ, ಖುಷಿಗೆ. ಥೂ.

ದಸರಾ ಆದ ಮೇಲೆ ಬಣ್ಣಕ್ಕೆ ಅಂತ ಇನ್ನೊಂದು 1,000 ಕೇಳಿದರು. ಕೊಟ್ಟೆ. ಕೆಲಸ ನಡೀತಿದೆ ಅಂತ ಫೋಟೋ ಬಂದವು. ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಓಣಿ ತುಂಬ ಕಂದೀಲು! ಆಟದ ನಿಯಮದಲ್ಲೇ ಇದೆ, ಗಾಬ್ಲಿನ್‌ಗಳಿಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ. ಅದಕ್ಕೇ ಗುದ್ದೂರಲ್ಲಿ ಒಂದೂ ದೀಪ ಇಲ್ಲ. ಮೂರನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕೇಳಿದೆ. ಉತ್ತರ ಹೀಗಿತ್ತು: "ಅದು ಫೋಟೋ ತೆಗೆಯೋಕೆ ಇಟ್ಟಿದ್ದು ಸರ್, ಆಮೇಲೆ ತೆಗೀತೀವಿ."

ನಂಬಿದೆ. ನೋಡಿ, ನಂಬಿದೆ! ಮಾಡೆಲ್‌ಗೆ ಅಂಟಿಸಿದ ಕಂದೀಲನ್ನು ಫೋಟೋಗೆ ಅಂತ ಇಟ್ಟು ತೆಗೆಯುತ್ತಾರಾ ಯಾರಾದರೂ? ಬಾಕಿ 4,500 ಕೂಡ ಕಳಿಸಿದೆ. ಬಾಕಿ ಬಂದ ಮೇಲೇ ಪಾರ್ಸೆಲ್ ಅಂದಿದ್ದರು.

ಆಮೇಲೆ ಶುರುವಾಯಿತು. "ಡಿಸ್ಪ್ಯಾಚ್ ಆಗಿದೆ ಸರ್." "ಹಬ್‌ನಲ್ಲಿದೆ ಸರ್." "ಆನ್ ದ ವೇ ಸರ್." ಟ್ರ್ಯಾಕಿಂಗ್ ನಂಬರ್ ಕೇಳಿದರೆ ಕೈ ಮುಗಿಯೋ ಚಿಹ್ನೆ. ಇಪ್ಪತ್ತು ದಿನ.

ಎಳ್ಳಮಾವಾಸ್ಯೆ ಹಿಂದಿನ ಸಂಜೆ ಪಾರ್ಸೆಲ್ ಬಂತು. ಗೆಳೆಯರ ಮುಂದೇ ಬಿಚ್ಚೋಣ ಅಂತ ಇಟ್ಟೆ. ಅದೊಂದು ದೊಡ್ಡ ತಪ್ಪು. ಮಾರನೇ ದಿನ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಮುಗಿಸಿ, ರಾತ್ರಿ ನಾಲ್ಕೂ ಜನ ಸುತ್ತ ಕೂತಿದ್ದರು. ನಾನು ದನಿ ಇಳಿಸಿ, "ನೀವು ಬಾವಿಯೊಳಗೆ ಇಳಿಯುತ್ತಿದ್ದೀರಿ... ಕೆಳಗೆ ಗದ್ದಲ ಕೇಳಿಸುತ್ತಿದೆ..." ಅಂತ ಹೇಳುತ್ತಾ ಡಬ್ಬಿ ತೆರೆದೆ.

ಒಳಗೆ ಥರ್ಮೊಕೋಲ್ ಹಲಗೆ. ಅದರ ಮೇಲೆ ಮೂರು ಕೋಟೆ. ಮೀನಿನ ತೊಟ್ಟಿಯಲ್ಲಿ ಇಡುತ್ತಾರಲ್ಲ, ನಡುವೆ ಮೀನು ತೂರೋಕೆ ತೂತು ಇರುವಂಥದು, ಅದೇ. ಒಂದರ ಬೆನ್ನಿಗೆ ಅಂಗಡಿ ಬೆಲೆ ಚೀಟಿ ಹಾಗೇ ಇತ್ತು. 40 ಗಾಬ್ಲಿನ್ ಬದಲು 14. ಅವು ಗಾಬ್ಲಿನ್‌ಗಳೇ ಅಲ್ಲ. ಜಾತ್ರೆಯಲ್ಲಿ ಪುಡಿಕೆಯಲ್ಲಿ ಮಾರುವ ಹಸಿರು ಪ್ಲಾಸ್ಟಿಕ್ ಸೈನಿಕರು. ತಲೆಗೆ ಎಂ-ಸೀಲ್‌ನಲ್ಲಿ ಎರಡೆರಡು ಕಿವಿ ಅಂಟಿಸಿದ್ದಾರೆ. ಒಬ್ಬನ ಕೈಯಲ್ಲಿ ಬಂದೂಕು. ಒಬ್ಬ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ನನ್ನನ್ನೇ ನೋಡುತ್ತಿದ್ದ ಅನ್ನಿಸಿತು.

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಮೆಲ್ಲಗೆ, "ಅಲ್ಲೋ, ಇವು ಜಾತ್ರಿಯಾಗ ಇಪ್ಪತ್ತು ರೂಪಾಯಿಗೆ ಸಿಗ್ತಾವಲ್ಲ" ಅಂದ. ಇನ್ನೊಬ್ಬ ನಗು ತಡೆಯಲಾರದೆ ಎದ್ದು ಹೋದ. ಮೆಟ್ಟಿಲ ಮೇಲೆ ಅವನು ನಗುವುದು ಕೇಳುತ್ತಿತ್ತು.

ಚೌಕಗಳೂ ತಪ್ಪು. ಈ ಆಟದಲ್ಲಿ ಒಂದು ಇಂಚಿನ ಚೌಕ ಅಂದರೆ ಐದು ಅಡಿ, ಬೊಂಬೆಯ ತಳ 25 ಮಿಲಿಮೀಟರ್, ಅದಕ್ಕೆ ಕೂರುತ್ತದೆ. ಇವರು ಎರಡು ಸೆಂಟಿಮೀಟರ್ ಚೌಕ ಗೀಚಿದ್ದಾರೆ, ಅದೂ ಪೆನ್ನಿನಲ್ಲಿ. ನಮ್ಮ ಹತ್ತಿರ ಇದ್ದ ಒಂದು ಬೊಂಬೆಯೂ ಕೂರಲಿಲ್ಲ.

ಆ ರಾತ್ರಿಯೇ ಮೆಸೇಜ್ ಹಾಕಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ, ಒಂದಕ್ಷರ ಬದಲಿಸಿಲ್ಲ.

"ಸರ್ ಹ್ಯಾಂಡ್‌ಮೇಡ್ ಅಂದ್ರೆ ಸ್ವಲ್ಪ ವೇರಿಯೇಷನ್ ಇರುತ್ತೆ."

ಬಂದೂಕು? "ಅದು ಮಾಡರ್ನ್ ಗಾಬ್ಲಿನ್ ಸರ್."

ಥರ್ಮೊಕೋಲ್ ಯಾಕೆ, ಪ್ರಿಂಟ್ ಮಾಡಿದ ಮನೆಗಳು ಎಲ್ಲಿ? "ಸರ್ ಕಲಬುರಗಿ ಬಿಸಿಲು ಜಾಸ್ತಿ ಅಲ್ವಾ, ಪ್ರಿಂಟ್ ಬಾಗಿ ಹೋಗುತ್ತೆ ಅಂತ ನಾವೇ ಚೇಂಜ್ ಮಾಡಿದ್ವಿ, ನಿಮ್ಮ ಒಳ್ಳೇದಕ್ಕೆ."

ಇದು ನೋಡಿ ಮೈ ಉರಿದದ್ದು. ತ್ರೀಡಿ ಪ್ರಿಂಟ್‌ಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಮೆತ್ತಗಾಗುವುದು 60 ಡಿಗ್ರಿ ಆಸುಪಾಸಿನಲ್ಲಿ. ಬಾಗಿಲು ಹಾಕಿದ ಕಾರಿನಲ್ಲಿ ಬೇಸಿಗೆಯಲ್ಲಿ ಬಿಟ್ಟರೆ ಬಾಗಬಹುದು, ಒಪ್ಪುತ್ತೇನೆ. ಆದರೆ ಇದು ಎಳ್ಳಮಾವಾಸ್ಯೆ! ಬೆಳಿಗ್ಗೆ ಹೊಲಕ್ಕೆ ಹೋಗುವಾಗ ನಾನು ಸ್ವೆಟರ್ ಹಾಕಿದ್ದೆ. ನಮ್ಮ ಬಿಸಿಲನ್ನು ನಾವು ಬೈದುಕೊಳ್ಳುತ್ತೇವೆ, ಅದು ನಮ್ಮ ಹಕ್ಕು. ಬೆಂಗಳೂರಲ್ಲಿ ಕೂತವರು ಮೋಸಕ್ಕೆ ನಮ್ಮ ಬಿಸಿಲನ್ನು ನೆಪ ಮಾಡಿದರೆ ಸಿಟ್ಟು ಬರೋದಿಲ್ವಾ?

ಬೆಂಗಳೂರು ಅನ್ನೋದೂ ಗ್ಯಾರಂಟಿ ಇಲ್ಲ. ಮೆಟ್ಟಿಲ ಮೇಲೆ ನಕ್ಕು ಬಂದ ಗೆಳೆಯ ಹಳೇ ಫೋಟೋ ತೋರಿಸು ಅಂದ. ಒಂದೇ ನಿಮಿಷ. "ಇಲ್ಲಿ ನೋಡು, ಗೋಡಿ ಮ್ಯಾಲಿನ ಸಾಕೆಟ್." ಎರಡು ಚಪ್ಪಟೆ ಸೀಳು, ಕೆಳಗೊಂದು ತೂತು. ಅಮೆರಿಕದ ಸಾಕೆಟ್. ನಮ್ಮ ದೇಶದಲ್ಲಿ ಮನೆ ಗೋಡೆಗೆ ಅಂಥದ್ದು ಯಾರು ಹಾಕಿಸುತ್ತಾರೆ? ಫೋಟೋ ಎಲ್ಲಿಯದು ಅಂತ ಹುಡುಕೋ ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಯಾರೋ ಹೊರದೇಶದವರು ಯಾವತ್ತೋ ಹಾಕಿದ ಫೋಟೋ. ಎರಡು ತಿಂಗಳು ನಾನು ಅದೇ ಫೋಟೋ ನೋಡಿ ನೋಡಿ ಮಲಗಿದ್ದೇನೆ. ಸಾಕೆಟ್ ಕಂಡಿರಲಿಲ್ಲ. ಕಂದೀಲು ಕಂಡಿತ್ತು, ಸಾಕೆಟ್ ಕಾಣಲಿಲ್ಲ.

ದುಡ್ಡು ವಾಪಸ್ ಕೊಡಿ, ಇಲ್ಲಾಂದ್ರೆ ದೂರು ಕೊಡುತ್ತೇನೆ ಅಂದೆ. ತಕ್ಷಣ ಮೆತ್ತಗಾದರು. "ಆಯ್ತು ಸರ್, ಫುಲ್ ರಿಫಂಡ್. ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮ್ಮ ಪಿನ್ ಹಾಕಿ, 10,000 ನಿಮ್ಮ ಅಕೌಂಟ್‌ಗೆ ಬರುತ್ತೆ." ಸ್ಕ್ಯಾನ್ ಮಾಡಿದೆ. ಪರದೆ ಮೇಲೆ 10,000 ಬಂತು. ಪಿನ್ನಿನ ಎರಡು ಅಂಕಿ ಒತ್ತಿಯೂ ಆಗಿತ್ತು. ಪಕ್ಕದಲ್ಲಿ ಓದುತ್ತಾ ಕೂತಿದ್ದ ಅಕ್ಕನ ಮಗಳು, ಹತ್ತನೇ ಕ್ಲಾಸು, ಫೋನ್ ಕಸಿದುಕೊಂಡಳು. "ಮಾಮಾ, ದುಡ್ಡು ಬರೋದಕ್ಕ ಪಿನ್ ಯಾಕ ಹಾಕಬೇಕು?"

ಅಷ್ಟೇ. ಅಷ್ಟು ಸಣ್ಣ ಮಾತು. ಯುಪಿಐನಲ್ಲಿ ದುಡ್ಡು ಕೊಡುವಾಗ ಪಿನ್, ಬರುವಾಗ ಬೇಡ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎರಡು ಅಂಕಿ ಒತ್ತಿದ್ದೆ.

ಈಗ ಆ ದೊಡ್ಡದು. ಒಂದು ವಾರದ ಮೇಲೆ ಅದೇ ಗೆಳೆಯ ಒಂದು ಲಿಂಕ್ ಕಳಿಸಿದ. ಅದೇ ಪೇಜ್. ಹೊಸ ಮಾಲು: ಆಟಕ್ಕೆ ರೆಡಿ ಗಾಬ್ಲಿನ್ ಊರು, ಪಿಡಿಎಫ್, 299 ರೂಪಾಯಿ. ಮಾದರಿಗೆ ಅಂತ ಎರಡು ಪುಟ ಬಿಟ್ಟಿ ಇಟ್ಟಿದ್ದರು. ತೆರೆದೆ. ನೆಲದಡಿ ಏಳು ಓಣಿ. ಮೇಲೆ ಬಾವಿ ಬಾಯಿಗಳು. ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಸುಂಕ.

ನನ್ನ ಚಪ್ಪಲಿ!

ಊರಿನ ಹೆಸರು ಮಾತ್ರ ಬದಲಿಸಿದ್ದಾರೆ. ಒಂದು ಕಡೆ ಅದನ್ನೂ ಮರೆತು ಗುದ್ದೂರು ಅಂತಲೇ ಬಿಟ್ಟಿದ್ದಾರೆ. ಎರಡು ವರ್ಷ ರಾತ್ರಿ ಕೂತು ಬರೆದದ್ದು. ಥರ್ಮೊಕೋಲ್ ಕಳಿಸಿದ್ದಕ್ಕೆ ಇಷ್ಟು ಸಂಕಟ ಆಗಿರಲಿಲ್ಲ. ಕೇಳಿದೆ. ಬಂದ ಉತ್ತರ ನಾನು ಸಾಯೋವರೆಗೂ ಮರೆಯೋದಿಲ್ಲ: "ಗಾಬ್ಲಿನ್ ಊರು ಎಲ್ಲರದ್ದೂ ಸರ್. ನೀವೇನು ಗಾಬ್ಲಿನ್ನಾ?"

ಆಮೇಲೆ ಬ್ಲಾಕ್.

ಇನ್ನೂ ಒಂದು ಹೇಳಲೇಬೇಕು, ಹೇಳದಿದ್ದರೆ ಗೆಳೆಯರು ಹೇಳುತ್ತಾರೆ. ನನ್ನ 42 ಪುಟದಲ್ಲಿ ಚಿಪ್ಪ ಅಂತ ಒಬ್ಬ ಗಾಬ್ಲಿನ್ ದಲ್ಲಾಳಿ ಇದ್ದಾನೆ. ಮುಂಗಡ ತಗೋತಾನೆ, ಮಾಲು ಕೇಳಿದರೆ "ಹಾದಿಯಾಗದ, ಹಾದಿಯಾಗದ" ಅನ್ನುತ್ತಾನೆ, ಜಗಳಕ್ಕೆ ಬಂದರೆ ಬೋರ್ಡು ಬದಲಿಸಿ ಮುಂದಿನ ಓಣಿಗೆ ಹೋಗುತ್ತಾನೆ. ಅವನನ್ನು ಬರೆದವನು ನಾನು. ಅವನ ಕೈಗೆ ದುಡ್ಡು ಕೊಟ್ಟವನೂ ನಾನು. ಈಗ ನನ್ನ ಗೆಳೆಯರು ಭಜಿ ತಡವಾದರೂ "ಹಾದಿಯಾಗದ" ಅನ್ನುತ್ತಾರೆ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿದೆ. ತಡ ಮಾಡಿದ್ದು ನನ್ನ ತಪ್ಪು, ದುಡ್ಡು ಹೋದ ಕೂಡಲೇ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾಚಿಕೆಗೆ ಮೂರು ವಾರ ಕೊಟ್ಟೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಸದ್ಯಕ್ಕೆ ಕೈಯಲ್ಲಿ ದೂರಿನ ನಂಬರ್ ಇದೆ.

ನೀವು ಮಾಡಿಸೋದಾದರೆ, ಕೆಲಸದ ಫೋಟೋ ಕೇಳುವಾಗ ಪಕ್ಕದಲ್ಲಿ ಚೀಟಿ ಇಟ್ಟು ನಿಮ್ಮ ಹೆಸರು, ಆವತ್ತಿನ ತಾರೀಖು ಬರೆಸಿ ತೆಗೆಸಿ. ಆಗಲ್ಲ ಅಂದರೆ ಅಲ್ಲೇ ಬಿಡಿ. ನೋಟ್ಸ್ ಪೂರ್ತಿ ಕಳಿಸಬೇಡಿ. ಮನೆ ಕಟ್ಟೋಕೆ ಅಳತೆ ಸಾಕು, ಊರಿನ ಕಥೆ ಯಾಕೆ ಬೇಕು ಅವರಿಗೆ? ಪುಟ ಪುಟಕ್ಕೂ ನಿಮ್ಮ ಹೆಸರು ಹಾಕಿ. ಮತ್ತೆ ಗೋಡೆ ನೋಡಿ, ಸಾಕೆಟ್ ನೋಡಿ.

ಆ ಪೇಜಿನ ಹೆಸರು ಮೊನ್ನೆ ಬದಲಾಗಿದೆ. ಹೊಸ ಹೆಸರಿನಲ್ಲಿ ಈಗ ಕುಬ್ಜರ ಗಣಿ ಮಾಡಿಕೊಡುತ್ತಾರಂತೆ, ಅರ್ಧ ಮುಂಗಡ. ಪ್ರೊಫೈಲ್ ಚಿತ್ರ ಮಾತ್ರ ಹಳೇದೇ: ಒಂದು ಹಸಿರು ಕಿವಿ, ಅದಕ್ಕೆ ಮುರಿದ ಓಲೆ. ಕಂಡರೆ ದುಡ್ಡು ಹಾಕಬೇಡಿ. ಒಂದು ಕಾಲಿನ ಚಪ್ಪಲಿ ಸುಂಕ ಇರೋ ಪಿಡಿಎಫ್ ಎಲ್ಲಾದರೂ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ.