ಒತ್ತಕ್ಷರ ಉಳಿಸಿಕೊಂಡು ಗೊಡೊ 4 ಕಟ್ಟಿದ ಅನುಭವ

ಮಕ್ಕಳಿಗೆ ಪದ ಜೋಡಿಸುವ ಕನ್ನಡ ಆಟವೊಂದನ್ನು ಮಾಡುತ್ತಿದ್ದೇನೆ. ಆಟ ತಯಾರಿಸುವ ಗೊಡೊ ಎಂಜಿನ್ನನ್ನು ಸೋರ್ಸ್‌ನಿಂದ, ಅಂದರೆ ಅದರ ಮೂಲ ಕೋಡಿನಿಂದ, ಕಟ್ಟಿಕೊಳ್ಳಲು ಶುರು ಮಾಡಿದ್ದು ಅದಕ್ಕಾಗಿಯೇ. 3ರ ಸರಣಿಯಲ್ಲಿ 'ಅಜ್ಜಿ' ಎಂದು ಬರೆದರೆ ಒತ್ತು ಕೆಳಗೆ ಇಳಿಯುತ್ತಲೇ ಇರಲಿಲ್ಲ, ಗುಡಿಸೂ ಬೇರೆ ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ 4.0 ಬಂದಾಗ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಬಳಸುವ ಹೊಸ ಟೆಕ್ಸ್ಟ್ ಸರ್ವರ್ (ಎಂಜಿನ್ನಿನಲ್ಲಿ ಬರಹ ಮೂಡಿಸುವ ಭಾಗ) ಬಂತು. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ 'ರಾಷ್ಟ್ರ' ಎಂದು ಬರೆದು ನೋಡಿದೆ. ಎರಡು ಒತ್ತೂ ತಮ್ಮ ಜಾಗದಲ್ಲಿ ಕೂತಿದ್ದವು. ಆ ಖುಷಿ ಇನ್ನೂ ಇಳಿದಿಲ್ಲ.

ಕಟ್ಟುವುದು ನಾನು ಹೆದರಿದ್ದಕ್ಕಿಂತ ಸುಲಭ. ಲಿನಕ್ಸ್‌ನಲ್ಲಿ ಪೈಥಾನ್, ಸ್ಕಾನ್ಸ್ ಎಂಬ ಕಟ್ಟುವ ಉಪಕರಣ, ಒಂದು ಸಿ++ ಕಂಪೈಲರ್ ಇದ್ದರೆ ಹೆಚ್ಚುಕಡಿಮೆ ಸಾಕು. ಫ್ರೀಟೈಪ್, ಹಾರ್ಫ್‌ಬಜ್‌ನಂಥ ಲೈಬ್ರರಿಗಳೆಲ್ಲ ಸೋರ್ಸ್ ಜೊತೆಯಲ್ಲೇ ಬರುತ್ತವೆ. ಸಂಜೆ ಕೆಲಸ ಮುಗಿಸಿ ಬಂದು ಹೊಸ ಸೋರ್ಸ್ ತರಿಸಲು ಗಿಟ್ ಪುಲ್ ಕೊಡುತ್ತೇನೆ, ಸ್ಕಾನ್ಸ್ ಓಡಿಸುತ್ತೇನೆ, ಕಾಫಿಗೆ ಡಿಕಾಕ್ಷನ್ ಇಳಿಸುತ್ತೇನೆ. ಫೈಲಿನ ತಾರೀಖು ಬದಲಾಯಿತೇ ಎಂದಲ್ಲ, ಒಳಗಿನ ಬರಹ ಬದಲಾಯಿತೇ ಎಂದು ಸ್ಕಾನ್ಸ್ ನೋಡುತ್ತದೆ. ಹಾಗಾಗಿ ಎಷ್ಟೋ ಸಂಜೆ ಲೋಟ ಖಾಲಿಯಾಗುವ ಮೊದಲೇ ಹೊಸ ಎಡಿಟರ್ ಬಿನ್ ಫೋಲ್ಡರಿನಲ್ಲಿ ಸಿದ್ಧವಾಗಿರುತ್ತದೆ. ಕೋರ್ ಫೋಲ್ಡರಿನ ಹೆಡರ್ (ಬೇರೆ ಅನೇಕ ಫೈಲುಗಳು ಬಳಸಿಕೊಳ್ಳುವ ಫೈಲು) ಯಾವುದಾದರೂ ಬದಲಾಗಿದ್ದರೆ ಮಾತ್ರ ಊಟವೂ ಮುಗಿಯುತ್ತದೆ, ಲ್ಯಾಪ್‌ಟಾಪ್ ಫ್ಯಾನ್ ನಿಲ್ಲುವುದಿಲ್ಲ.

ನನ್ನ ಬೇಸರ ಇರುವುದು ಎಕ್ಸ್‌ಪೋರ್ಟ್ ಟೆಂಪ್ಲೇಟ್ (ಆಟದ ಜೊತೆ ಹೋಗುವ, ಎಡಿಟರ್ ಇಲ್ಲದ ಎಂಜಿನ್) ಚಿಕ್ಕದು ಮಾಡುವಲ್ಲಿ. ಆಟ ಅಗ್ಗದ ಫೋನುಗಳಲ್ಲಿ ಬೇಗ ಇಳಿಯಬೇಕು, ಹಾಗಾಗಿ 3ಡಿ ತೆಗೆದೆ, ಬೇಡದ ಮಾಡ್ಯೂಲುಗಳನ್ನು ತೆಗೆದೆ. ಸುಧಾರಿತ ಟೆಕ್ಸ್ಟ್ ಸರ್ವರ್ ತೆಗೆದು ಸರಳವಾದದ್ದನ್ನು ಹಾಕಿದರೆ ಗಾತ್ರ ಇನ್ನೂ ಇಳಿಯುತ್ತದೆ. ಪರೀಕ್ಷೆಗೆಂದು ಹಾಗೊಂದು ಟೆಂಪ್ಲೇಟ್ ಕಟ್ಟಿ ನೋಡಿದರೆ ಎಡಿಟರಿನಲ್ಲಿ ಅಚ್ಚುಕಟ್ಟಾಗಿದ್ದ 'ಅಜ್ಜಿ' ಆಟದಲ್ಲಿ ಮತ್ತೆ ಬಿಡಿಬಿಡಿ. ಸರಳ ಸರ್ವರ್ ಅಕ್ಷರಗಳನ್ನು ಒಂದೊಂದಾಗಿ ಸಾಲಿನಲ್ಲಿಡುತ್ತದೆ, ಜೋಡಿಸುವುದಿಲ್ಲ. ಇಂಗ್ಲಿಷ್ ಆಟ ಮಾಡುವವರಿಗೆ ಸುಮ್ಮನೆ ಸಿಗುವ ಆ ಉಳಿತಾಯ ನಮಗೆ ಸಿಗುವುದಿಲ್ಲ. ಅಜ್ಜಿಗೆ ಒತ್ತು ಬೇಕೆಂದರೆ ಗಾತ್ರ ಹೊರಲೇಬೇಕು. ಹೊತ್ತಿದ್ದೇನೆ.

ಎಲ್‌ಟಿಒ (ಕಂಪೈಲ್ ಆದ ತುಂಡುಗಳನ್ನು ಲಿಂಕ್ ಮಾಡಿ ಜೋಡಿಸುವಾಗ ಇಡೀ ಕೋಡನ್ನು ಸುಧಾರಿಸುವ ಆಯ್ಕೆ) ಹಾಕಿದರೆ ಫೈಲು ಸ್ವಲ್ಪ ಕರಗುತ್ತದೆ, ಆದರೆ ನನ್ನ 8 ಜಿಬಿ ರಾಮ್ ಲಿಂಕ್ ಆಗುವ ಹೊತ್ತಿಗೆ ಉಸಿರು ಕಟ್ಟುತ್ತದೆ. ಬ್ರೌಸರ್ ಮುಚ್ಚಿ, ರಾತ್ರಿ ಮಲಗುವ ಮುಂಚೆ ಓಡಲು ಬಿಡುತ್ತೇನೆ. ಹೊಸ ಯಂತ್ರ ಕೊಳ್ಳುವಷ್ಟು ದುಡ್ಡು ಸದ್ಯಕ್ಕಿಲ್ಲ; ಎಂಐಟಿ ಪರವಾನಗಿಯ ಎಂಜಿನ್ನಿಗೆ ಒಂದು ಪೈಸೆಯೂ ಕೊಡಬೇಕಿಲ್ಲ ಎಂಬುದೇ ನನ್ನಂಥವರಿಗೆ ದೊಡ್ಡದು.

ಪಿಸಿಗೆ ಮಾತ್ರ ಆಟ ಮಾಡುವವರಿಗೆ ಸಿದ್ಧ ಎಡಿಟರ್, ಸಿದ್ಧ ಟೆಂಪ್ಲೇಟುಗಳೇ ಸಾಕು, ಅವುಗಳಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ. ಫೋನು, ವೆಬ್ ಎಂದು ಗಾತ್ರ ಇಳಿಸಲು ಹೊರಟವರು ಟೆಂಪ್ಲೇಟನ್ನು ಎಡಿಟರಿನ ಆವೃತ್ತಿಯ ಸೋರ್ಸ್‌ನಿಂದಲೇ ಕಟ್ಟಿ, ಸುಧಾರಿತ ಟೆಕ್ಸ್ಟ್ ಸರ್ವರನ್ನು ಮಾತ್ರ ಮುಟ್ಟಬೇಡಿ.